ಬಾಯಿಬಿಟ್ಟು ಹೇಳಿದ ನಂಬಿಕೆ



ಕ್ರೈಸ್ತಮತದಲ್ಲಿ ನಂಬಿಕೆಯನ್ನು ಮನಸ್ಸಿನೊಳಗೆ ಇಟ್ಟುಕೊಂಡರೆ ಸಾಲದು. ಹೃದಯದಲ್ಲಿ ನಂಬಿದ್ದನ್ನು ಬಾಯಿಂದಲೂ ಅರಿಕೆ ಮಾಡಬೇಕೆಂದು ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಹೇಳಿದ್ದಾನೆ. ಆದುದರಿಂದಲೇ ದೀಕ್ಷಾಸ್ನಾನವು ಸಾಮಾನ್ಯವಾಗಿ ಸಭೆಯ ಎದುರಿನಲ್ಲಿ ನಡೆಯುತ್ತದೆ, ಇಗರ್ಜಿಯ ಪುಸ್ತಕದಲ್ಲಿ ಹೆಸರು, ತಾರೀಕು ದಾಖಲಾಗುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಬೇಗ ಅರ್ಥವಾಗುವ ವಿಷಯ. ಚೆಕ್ಕಿನಲ್ಲಿ ಮೊತ್ತ ಎಷ್ಟೇ ಇರಲಿ, ಸಹಿ ಬೀಳುವ ತನಕ ಅದು ಬರಿಯ ಕಾಗದ. ಸಹಿ ಬಿದ್ದ ಮೇಲೆ ಮಾತ್ರ ಯಾರದೋ ಖಾತೆಯಿಂದ ಹಣ ಹೋಗಲೇಬೇಕು.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ವಿಷಯ ನೋಡಿ. ಆಗ ನಮ್ಮ ಕಾಸರಗೋಡೂ ಮಂಗಳೂರಿನ ಜಿಲ್ಲೆಗೇ ಸೇರಿತ್ತು. ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. ಅವರ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಬ್ರಾಹ್ಮಣ ಹುಡುಗ ಈ ಆನಂದರಾವ್. 1844ರ ಜನವರಿಯಲ್ಲಿ ಇವರು ದೀಕ್ಷಾಸ್ನಾನ ಪಡೆದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು.

ಆ ಕಾಲದಲ್ಲಿ ಜಾತಿ ಬಿಟ್ಟವನಿಗೆ ಊಟದ ಪಂಕ್ತಿ ಮಾತ್ರ ತಪ್ಪುತ್ತಿತ್ತೆಂದು ತಿಳಿಯಬೇಡಿ. ಮನೆತನದ ಆಸ್ತಿಯ ಪಾಲೂ ತಪ್ಪುತ್ತಿತ್ತು. ಮತ ಬಿಟ್ಟ ಕಾರಣಕ್ಕೆ ಯಾರ ಹಕ್ಕನ್ನೂ ಕಸಿಯಬಾರದೆಂಬ ಕಾನೂನು ಬಂದದ್ದು 1850ರಲ್ಲಿ. ಅಂದರೆ ಕೌಂಡಿನ್ಯರು ಬಾಯಿಬಿಟ್ಟು ಹೇಳಿದ ದಿನ ಅವರ ಬೆನ್ನಿಗೆ ಆ ಕಾನೂನು ಇರಲಿಲ್ಲ.

ಆಸ್ತಿ ಇದ್ದವರ ಪಾಡು ಹೀಗೆ. ಇಲ್ಲದವರಿಗೆ ಮರುದಿನದ ಗಂಜಿಯದೇ ಚಿಂತೆ. ಒಡೆಯ ಹೊರಗೆ ಹಾಕಿದರೆ, ಕುಲಕಸುಬು ಕೈಬಿಟ್ಟರೆ, ಹೋಗುವುದೆಲ್ಲಿಗೆ? ಮಿಶನ್ನಿನವರು 1851ರಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದಕ್ಕೆ ಮುಖ್ಯ ಕಾರಣ ಇದೇ. ಮಂಗಳೂರು ಹಂಚಿನ ಹಿಂದೆ ಇಂಥದೊಂದು ಕತೆ ಇದೆಯೆಂದು ಹಂಚು ಹೊದೆಸುವವರಿಗೆ ಎಲ್ಲಿ ಗೊತ್ತು! ಆದರೂ ಒಂದು ಮಾತು. ಕೂಲಿ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಬ್ಬರೇ ಆದಾಗ, ಕೆಲಸಗಾರನು ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟವೇ.

ಕೌಂಡಿನ್ಯರು ಮೋಗ್ಲಿಂಗರ ಜೊತೆ 1846ರಲ್ಲಿ ಯುರೋಪಿಗೆ ಹೋದರು. ಬಾಸೆಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಊರಿಗೆ ಮರಳಿದರು. ಅವರ ಮುಂದಿನ ನಡತೆಯೇ ನನಗೆ ದೊಡ್ಡದಾಗಿ ಕಾಣುವುದು. ಕೊಡಗಿನಲ್ಲಿ ಮೋಗ್ಲಿಂಗರ ಬಳಿ ಕ್ರೈಸ್ತರಾದವರಲ್ಲಿ ಹೊಲದ ಆಳುಗಳಾಗಿದ್ದ ದಲಿತರೇ ಹೆಚ್ಚು. ಕಾಲೂರಲು ಅವರಿಗೆ ಸ್ವಂತ ನೆಲವಿರಲಿಲ್ಲ. ಕೌಂಡಿನ್ಯರು ತಮ್ಮ ಕೈಯ ಹಣ ಹಾಕಿ ಕಾಫಿ ತೋಟಕ್ಕೆ ಭೂಮಿ ಮಾಡಿದರು. ಅಲ್ಲಿ ಎದ್ದ ಊರೇ ಆನಂದಪುರ. ಮುಟ್ಟಿದರೆ ಮೈಲಿಗೆ ಎಂದು ಹೇಳಿಕೊಟ್ಟ ಮನೆಯಿಂದ ಬಂದವರು ಅದೇ ಜನರ ದುಡಿಮೆಗೆಂದು ದುಡ್ಡು ತೆಗೆದರು. 1844ರಲ್ಲಿ ಹಾಕಿದ ಸಹಿಗೆ ಹಣ ಸಂದಾಯವಾದದ್ದು ಇಲ್ಲಿ ಎನ್ನಬೇಕು.

ಈಗ ಕಾಲ ಬದಲಾಗಿದೆ, ಸಂವಿಧಾನದ 25ನೇ ವಿಧಿ ಇದೆ ಎಂದು ನೀವು ಹೇಳಬಹುದು. ನಿಜ. ಆದರೆ 1950ರ ಪರಿಶಿಷ್ಟ ಜಾತಿಗಳ ಆಜ್ಞೆಯೂ ಇದೆ. ಅದರಲ್ಲಿ ಮೊದಲು ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಪರಿಶಿಷ್ಟ ಪಂಗಡಗಳಿಗೆ ಈ ಕಟ್ಟು ಇಲ್ಲ. ಹಾಗಾಗಿ ದಲಿತನೊಬ್ಬ ತಾನು ಕ್ರೈಸ್ತನೆಂದು ಎಲ್ಲರೆದುರು ಹೇಳಿದರೆ ಜಾತಿಯ ಸರ್ಟಿಫಿಕೇಟು ಹೋಗುತ್ತದೆ. ಕೇರಿಯವರು ಅವನ ಜಾತಿಯನ್ನು ಮರೆಯುತ್ತಾರೆಯೇ? ಅದು ಬೇರೆ ಮಾತು.

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಮಗುವಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದ ಆಕೆ, ತಾನು ಹಿಂದೂ ಎಂದು ಹೇಳಿ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಕೇಳಿದ್ದರು. ಇಗರ್ಜಿಗೆ ಹೋಗಿ ಬರುವವರು ಉದ್ಯೋಗಕ್ಕಾಗಿ ಮಾತ್ರ ಹಾಗೆ ಹೇಳುವಂತಿಲ್ಲವೆಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಆಕೆ ಬಯಸಿದ್ದು ಒಂದು ಗುಮಾಸ್ತೆಯ ಹುದ್ದೆ.