ಮಾಜಿ ಸೈನಿಕರ ಮನಸ್ಸಿನ ಗಾಯ: ಚಿಕಿತ್ಸೆಯೂ ಉಂಟು, ಪಿಂಚಣಿಯ ಹಕ್ಕೂ ಉಂಟು

ಸೈನ್ಯದಿಂದ ನಿವೃತ್ತರಾಗಿ ಬಂದವರೊಬ್ಬರು ನಿಮ್ಮ ಮನೆಯಲ್ಲೋ, ನೆಂಟರಲ್ಲೋ, ನೆರೆಯಲ್ಲೋ ಇರಬಹುದು. ಅವರ ಬಗ್ಗೆ ಇಂಥ ಮಾತು ಕೇಳಿದ್ದೀರಾ? ‘ಅವರಿಗೆ ಮೂಗಿನ ತುದಿಯಲ್ಲೇ ಕೋಪ.’ ‘ನಡುರಾತ್ರಿ ಕಿರುಚಿಕೊಂಡು ಏಳುತ್ತಾರೆ.’ ‘ಮದುವೆ ಮನೆಗೆ ಬಂದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಾರೆ.’ ‘ದೀಪಾವಳಿ ಮುಗಿಯುವ ತನಕ ಕೋಣೆ ಬಿಟ್ಟು ಬರುವುದಿಲ್ಲ.’ ‘ಕುಡಿತ ಒಂದಿಲ್ಲದಿದ್ದರೆ ಮನುಷ್ಯ ದೇವರಂಥವರು.’

ಮಿಲಿಟರಿಯವರ ಸ್ವಭಾವವೇ ಅಷ್ಟು ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಹೆಂಡತಿ ಹೇಗೋ ಹೊಂದಿಕೊಳ್ಳುತ್ತಾರೆ. ಮಕ್ಕಳು ಅಪ್ಪನಿಂದ ದೂರ ಸರಿಯುತ್ತಾರೆ. ಆದರೆ ಇವು ಸ್ವಭಾವದ ದೋಷಗಳಲ್ಲ, ಒಂದು ಕಾಯಿಲೆಯ ಲಕ್ಷಣಗಳಾಗಿರಬಹುದು. ಆ ಕಾಯಿಲೆಗೆ ಚಿಕಿತ್ಸೆ ಇದೆ. ಅದು ಸೇನಾ ಸೇವೆಯಿಂದ ಬಂದದ್ದಾದರೆ ಅಂಗವೈಕಲ್ಯ ಪಿಂಚಣಿ ಕೇಳುವ ಹಕ್ಕೂ ಇದೆ.

ಏನಿದು ಕಾಯಿಲೆ?

ಜೀವಕ್ಕೇ ಕುತ್ತು ತಂದ ಘಟನೆಗೆ ಸಿಕ್ಕಿದಾಗ ಅಥವಾ ಅದನ್ನು ಕಣ್ಣಾರೆ ಕಂಡಾಗ ಮನಸ್ಸಿಗೆ ಆಘಾತವಾಗುವುದು ಸಹಜ. ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅದೇ ದೃಶ್ಯ ಕಣ್ಣ ಮುಂದೆ ಬರುವುದು ಕೆಲವು ವಾರ ಇದ್ದು, ಹೆಚ್ಚಿನವರಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ತಿಂಗಳು ಕಳೆದರೂ ಹೋಗದೆ, ಸಂಸಾರಕ್ಕೂ ಉದ್ಯೋಗಕ್ಕೂ ಅಡ್ಡಿಯಾಗುವಂತಾದರೆ ಅದನ್ನು ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’, ಚಿಕ್ಕದಾಗಿ ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು.

ಕಾಯಿಲೆ ಹಳೆಯದು, ಹೆಸರು ಹೊಸದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂಥ ಸೈನಿಕರ ಬಗ್ಗೆ ‘ಷೆಲ್ ಶಾಕ್’ ಎಂಬ ಹೆಸರಿನಲ್ಲಿ ಬರೆದರು. ಆಗ ಅನೇಕರನ್ನು ಹೇಡಿಗಳೆಂದೇ ಕಾಣಲಾಯಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಯುದ್ಧ ಮುಗಿದು ಹತ್ತು ವರ್ಷಗಳ ಮೇಲೆ ಅಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದ ಗಂಡಸರಲ್ಲಿ ಶೇ 15ರಷ್ಟು ಜನರಿಗೆ ಈ ಕಾಯಿಲೆ ಆಗಲೂ ಇತ್ತು. ಜೀವನದಲ್ಲಿ ಒಮ್ಮೆಯಾದರೂ ಅದಕ್ಕೆ ತುತ್ತಾದವರು ಶೇ 30ರಷ್ಟು.

ನಮ್ಮ ಸೈನಿಕರೂ ಮನುಷ್ಯರೇ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆ, 1984ರಿಂದ ಸಿಯಾಚಿನ್, 1999ರ ಕಾರ್ಗಿಲ್, ಕಾಶ್ಮೀರ ಮತ್ತು ಈಶಾನ್ಯ ರಾಜ್ಯಗಳ ಕಾರ್ಯಾಚರಣೆ – ಕೊಡಗು, ಬೆಳಗಾವಿ, ಧಾರವಾಡದ ಕಡೆಯ ಎಷ್ಟೋ ಮನೆಗಳ ಗಂಡಸರು ಇವನ್ನೆಲ್ಲ ಕಂಡು ಬಂದಿದ್ದಾರೆ. ಜಾಫ್ನಾದಲ್ಲಿ ಇಪ್ಪತ್ತೆರಡರ ತರುಣನಾಗಿದ್ದವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ.

ಗುರುತಿಸುವುದು ಹೇಗೆ?

ಲಕ್ಷಣಗಳನ್ನು ವೈದ್ಯರು ನಾಲ್ಕು ಗುಂಪು ಮಾಡುತ್ತಾರೆ.

1. ನೆನಪಿನ ದಾಳಿ: ಬೇಡವೆಂದರೂ ಆ ಘಟನೆ ಮತ್ತೆ ಮತ್ತೆ ನೆನಪಾಗುತ್ತದೆ. ದುಃಸ್ವಪ್ನ ಬೀಳುತ್ತದೆ. ಕೆಲವೊಮ್ಮೆ ಅದು ಈಗಲೇ ನಡೆಯುತ್ತಿದೆ ಎನಿಸಿ ಎದೆ ಬಡಿದುಕೊಳ್ಳುತ್ತದೆ, ಮೈ ಬೆವರುತ್ತದೆ. ಸುಟ್ಟ ವಾಸನೆ, ಹೆಲಿಕಾಪ್ಟರಿನ ಸದ್ದು, ಪಟಾಕಿ – ಇಷ್ಟು ಸಾಕು.

2. ತಪ್ಪಿಸಿಕೊಳ್ಳುವುದು: ಆ ಮಾತೇ ಎತ್ತುವುದಿಲ್ಲ. ಹಳೆಯ ಸಂಗಾತಿಗಳನ್ನು ಭೇಟಿಯಾಗುವುದಿಲ್ಲ. ಸಂತೆ, ಜಾತ್ರೆ, ಬಸ್ಸಿನ ನೂಕುನುಗ್ಗಲು ಬೇಡ.

3. ಮನಸ್ಸು ಮರಗಟ್ಟುವುದು: ಮಗಳ ಮದುವೆಯಲ್ಲೂ ಸಂತೋಷವಾಗದು. ಯಾರನ್ನೂ ನಂಬಲಾಗದು. ‘ಅವನು ಸತ್ತ, ನಾನೇಕೆ ಉಳಿದೆ’ ಎಂಬ ಅಪರಾಧ ಭಾವ ಕಾಡುತ್ತದೆ.

4. ಸದಾ ಪಹರೆ: ನಿದ್ದೆ ಇಲ್ಲ. ಸಣ್ಣ ಸದ್ದಿಗೂ ಬೆಚ್ಚುವುದು, ರಾತ್ರಿ ಮೂರು ಸಲ ಎದ್ದು ಚಿಲಕ ನೋಡುವುದು, ಕ್ಷುಲ್ಲಕ ವಿಷಯಕ್ಕೆ ಸಿಡಿಯುವುದು.

ಇವು ಘಟನೆ ನಡೆದ ಕೂಡಲೇ ಕಾಣಿಸಬೇಕೆಂದಿಲ್ಲ. ಕೆಲವರಲ್ಲಿ ಆರು ತಿಂಗಳ ಮೇಲೆ, ಇನ್ನು ಕೆಲವರಲ್ಲಿ ವರ್ಷಗಳ ಮೇಲೆ ಪೂರ್ಣ ರೂಪದಲ್ಲಿ ತೋರಬಹುದು. ಸೇವೆಯಲ್ಲಿರುವಾಗ ಬೆಳಗಿನ ಪಿ.ಟಿ.ಯಿಂದ ರಾತ್ರಿಯ ಹಾಜರಿಯವರೆಗೆ ದಿನಕ್ಕೊಂದು ಕಟ್ಟು ಇರುತ್ತದೆ. ನಿವೃತ್ತಿಯಾಗಿ ಆ ಕಟ್ಟು ಬಿಚ್ಚಿದಾಗ ಅದುಮಿಟ್ಟದ್ದು ಮೇಲೆ ಬರುವುದುಂಟು. ಜೊತೆಗೆ ಖಿನ್ನತೆ, ಕುಡಿತ ಸೇರಿಕೊಳ್ಳುತ್ತವೆ. ಕ್ಯಾಂಟೀನಿನ ಕೋಟಾ ರಮ್ ಮೊದಲು ನಿದ್ದೆಗೆಂದು ಶುರುವಾಗಿ, ಕೊನೆಗೆ ಇರುವ ನಿದ್ದೆಯನ್ನೂ ಕೆಡಿಸುತ್ತದೆ.

ಬಚ್ಚಿಡುವುದೇಕೆ?

ಸೈನ್ಯದಲ್ಲಿ ಆರೋಗ್ಯದ ದರ್ಜೆಯನ್ನು ‘ಶೇಪ್’ ಎಂಬ ಐದಕ್ಷರದಲ್ಲಿ ಬರೆಯುತ್ತಾರೆ. ಅದರ ಮೊದಲ ಅಕ್ಷರ ಸೂಚಿಸುವುದೇ ಮನಸ್ಸಿನ ಆರೋಗ್ಯವನ್ನು. ಕಿವಿ, ಕೈಕಾಲು, ದೇಹಬಲ, ಕಣ್ಣು ಆಮೇಲಿನವು. ಈ ದರ್ಜೆ ಇಳಿದರೆ ಬಡ್ತಿಗೆ, ಒಳ್ಳೆಯ ನೇಮಕಕ್ಕೆ ತೊಂದರೆ ಎಂಬ ಹೆದರಿಕೆ. ಸಂಗಾತಿಗಳು ಆಡಿಕೊಂಡಾರೆಂಬ ಸಂಕೋಚ ಬೇರೆ. ಹಾಗಾಗಿ ಸೈನಿಕ ವೈದ್ಯರ ಮುಂದೆ ‘ಎಲ್ಲ ಸರಿಯಾಗಿದೆ’ ಎನ್ನುತ್ತಾನೆ. ಇದರಿಂದ ಎರಡು ನಷ್ಟ: ಸಕಾಲದಲ್ಲಿ ಚಿಕಿತ್ಸೆ ಸಿಗುವುದಿಲ್ಲ, ಮುಂದೆ ಪಿಂಚಣಿ ಕೇಳುವಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಚಿಕಿತ್ಸೆ

ಇದು ಗುಣವಾಗದ ಕಾಯಿಲೆಯಲ್ಲ. ಮುಖ್ಯ ಚಿಕಿತ್ಸೆ ಮಾತಿನ ಚಿಕಿತ್ಸೆ. ಅಂದರೆ ಬರಿಯ ಸಮಾಧಾನದ ಮಾತಲ್ಲ. ತರಬೇತಿ ಪಡೆದ ಮನಃಶಾಸ್ತ್ರಜ್ಞರು ಆ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ, ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುತ್ತಾರೆ. ‘ನನ್ನಿಂದಲೇ ಅವನು ಸತ್ತ’ ಎಂಬಂಥ ನಂಬಿಕೆಗಳನ್ನು ಪರಿಶೀಲಿಸಲು ನೆರವಾಗುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎಂಟರಿಂದ ಹದಿನೈದು ಭೇಟಿ ಬೇಕಾಗುತ್ತದೆ. ಔಷಧಿಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಮೊದಲಾದವು ಬಳಕೆಯಲ್ಲಿವೆ. ಇವುಗಳ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಬಿಡಬಾರದು. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವ ಅಭ್ಯಾಸ ಒಳ್ಳೆಯದಲ್ಲ. ಅಲ್‌ಪ್ರಜೋಲಾಂನಂಥ ಮಾತ್ರೆಗಳು ಈ ಕಾಯಿಲೆಗೆ ಮದ್ದಲ್ಲ, ಚಟವಾಗಿ ಅಂಟಿಕೊಳ್ಳುತ್ತವೆ.

ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ 2003ರಿಂದ ಇದೆ. ಅದರ ಸದಸ್ಯರು ಮಡಿಕೇರಿ, ಬೆಳಗಾವಿ, ಬೆಂಗಳೂರು ಮುಂತಾದ ಕಡೆಯ ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ಮನೋವೈದ್ಯರಿಗೆ ಶಿಫಾರಸು ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ ಎಲ್ಲರಿಗೂ ತೆರೆದಿವೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು.

ಪಿಂಚಣಿಯ ಹಕ್ಕು

ಅಂಗವೈಕಲ್ಯ ಎಂದರೆ ಕೈಕಾಲು ಹೋಗುವುದು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಮನಸ್ಸಿನ ಕಾಯಿಲೆಯೂ ಅದರಲ್ಲಿ ಸೇರುತ್ತದೆ. ಮುಖ್ಯವಾಗಿ ಎರಡು ಷರತ್ತುಗಳಿವೆ. ಒಂದು, ಕಾಯಿಲೆ ಸೇವೆಯ ಕಾರಣದಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಎರಡು, ವೈದ್ಯಕೀಯ ಮಂಡಳಿ ಅದನ್ನು ಶೇ 20 ಅಥವಾ ಹೆಚ್ಚು ಎಂದು ಅಳೆದಿರಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಮೊದಲನೆಯದರಲ್ಲಿ. ‘ಸೇವೆಯಿಂದ ಬಂದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ’ ಎಂದು ಮಂಡಳಿ ಒಂದು ಸಾಲು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ.

ಆ ಒಂದು ಸಾಲೇ ಕೊನೆಯ ಮಾತಲ್ಲ. ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯೂ ನಮೂದಾಗಿರದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಸಂಶಯದ ಲಾಭ ಅವನಿಗೇ ಸಲ್ಲಬೇಕು ಎಂದು 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಮೂರ್ಛೆರೋಗದ್ದು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ಸ್ಕಿಜೋಫ್ರೇನಿಯಾ ಎಂದು ಬಿಡುಗಡೆ ಮಾಡಲಾಗಿದ್ದ ಸೈನಿಕನನ್ನು ಮತ್ತೊಮ್ಮೆ ಮಂಡಳಿಯ ಮುಂದೆ ಪರೀಕ್ಷಿಸಲು ಆದೇಶಿಸಿತು. ಮಂಡಳಿ ಕಾರಣ ಬರೆಯದೆ ಪಿಂಚಣಿ ನಿರಾಕರಿಸಲಾಗದು ಎಂಬ ಮಾತನ್ನು 2025ರಲ್ಲೂ ಎತ್ತಿಹಿಡಿಯಿತು.

ಆದರೆ ಎಲ್ಲ ಅರ್ಜಿಗಳೂ ಗೆಲ್ಲುತ್ತವೆಂದು ಭಾವಿಸಬೇಡಿ. 2019ರಲ್ಲಿ ಇಂಥದೇ ಒಂದು ಪ್ರಕರಣದಲ್ಲಿ, ಮನಸ್ಸಿನ ಕಾಯಿಲೆ ಸೇರುವಾಗ ಪರೀಕ್ಷೆಯಲ್ಲಿ ಗೊತ್ತಾಗದೇ ಇರಬಹುದು ಎಂದು ಅದೇ ನ್ಯಾಯಾಲಯ ಪಿಂಚಣಿ ನಿರಾಕರಿಸಿತು. ಬಿಡುಗಡೆಯ ದಿನಾಂಕವೂ ಮುಖ್ಯ. 1982, 2008, 2023ರ ನಿಯಮಗಳು ಒಂದೇ ತೆರನಾಗಿಲ್ಲ. 2023ರ ಸೆಪ್ಟೆಂಬರ್ 21ರ ನಂತರದವರಿಗೆ ಹೊಸ ನಿಯಮ. ಕಾಯಿಲೆ ನಿವೃತ್ತಿಯ ನಂತರ ತೋರಿದ್ದರೂ, ಅದರ ಬೀಜ ಸೇವೆಯಲ್ಲೇ ಬಿದ್ದಿತ್ತೆಂದು ವೈದ್ಯಕೀಯವಾಗಿ ಸಿದ್ಧಪಡಿಸಿದರೆ, ಹಳೆಯ ನಿಯಮಗಳಲ್ಲಿ ನಿಗದಿತ ವರ್ಷಗಳೊಳಗೆ ಕೇಳಲು ಅವಕಾಶವಿತ್ತು. ಆದ್ದರಿಂದ ನಿಮಗೆ ಯಾವ ನಿಯಮ ಅನ್ವಯವೆಂದು ಮೊದಲು ತಿಳಿಯಿರಿ.

ಅರ್ಜಿಯ ದಾರಿ

• ಡಿಸ್‌ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಬಿಡುಗಡೆ ಕಾಲದ ವೈದ್ಯಕೀಯ ಮಂಡಳಿಯ ವರದಿ, ಸೇನಾ ಆಸ್ಪತ್ರೆಗಳ ಚೀಟಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿ. ಇಲ್ಲದ್ದನ್ನು ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆದು ಕೇಳಿ. ಮಾಹಿತಿ ಹಕ್ಕಿನಡಿಯೂ ಕೇಳಬಹುದು. ಪಿಂಚಣಿ ಇಲ್ಲದೆ ಬಂದವರ ಕಡತಗಳನ್ನು ಅವಧಿ ಮೀರಿದ ಮೇಲೆ ನಾಶಮಾಡುವುದುಂಟು, ತಡ ಮಾಡಬೇಡಿ.

• ಎಲ್ಲಿ, ಯಾವ ಇಸವಿಯಲ್ಲಿ, ಯಾವ ತುಕಡಿಯಲ್ಲಿದ್ದಾಗ ಏನು ನಡೆಯಿತು ಎಂದು ಸೈನಿಕರೇ ಒಂದು ಪುಟ ಬರೆಯಲಿ. ಜೊತೆಗಿದ್ದವರು ಸಿಕ್ಕರೆ ಅವರ ಹೇಳಿಕೆ ಪಡೆಯಿರಿ.

• ಈಗಿನ ಮನೋವೈದ್ಯರ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು, ಅದು ಶುರುವಾದ ಕಾಲ, ಸೇವೆಯ ಘಟನೆಯೊಡನೆ ಅದರ ಸಂಬಂಧ ಸ್ಪಷ್ಟವಾಗಿರಲಿ. ‘ನಿದ್ರಾಹೀನತೆ’ ಎಂದಷ್ಟೇ ಇದ್ದರೆ ಸಾಲದು.

• ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು ಸಲ್ಲಿಸಬಹುದು. ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ; ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ತಡವಾದ ಅರ್ಜಿಯನ್ನು ಸಕಾರಣವಿದ್ದರೆ ಪರಿಗಣಿಸುತ್ತಾರೆ. ಆದರೆ ಗೆದ್ದರೂ ಹಳೆಯ ಬಾಕಿಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಿತಿಗೊಳಿಸುವುದುಂಟು.

• ಸಿಆರ್‌ಪಿಎಫ್, ಬಿಎಸ್‌ಎಫ್ ಯೋಧರಿಗೆ ನಿಯಮವೂ ನ್ಯಾಯಾಲಯವೂ ಬೇರೆ. ಅವರು ತಮ್ಮ ಪಡೆಯ ಕಚೇರಿಯನ್ನೇ ವಿಚಾರಿಸಬೇಕು.

ಅರ್ಜಿ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ನೆರವು ಕೇಳಿ. ‘ಹುಚ್ಚ ಎಂದು ಬರೆದುಬಿಟ್ಟರೆ ಇರುವ ಪಿಂಚಣಿಯೂ ಹೋದೀತು’ ಎಂಬ ಹೆದರಿಕೆ ಬೇಡ. ಗಳಿಸಿದ ಸೇವಾ ಪಿಂಚಣಿಗೆ ಈ ರೋಗನಿರ್ಣಯದಿಂದ ಧಕ್ಕೆ ಇಲ್ಲ.

ಮನೆಯವರು ಮಾಡಬೇಕಾದ್ದು

‘ಹಳೆಯದನ್ನು ಮರೆತುಬಿಡಿ’ ಎನ್ನಬೇಡಿ, ಮರೆಯಲಾಗದ್ದೇ ಕಾಯಿಲೆ. ಕೆದಕಿ ಕೇಳಲೂ ಬೇಡಿ. ಅವರಾಗಿ ಹೇಳಿದಾಗ ಕೇಳಿಸಿಕೊಳ್ಳಿ. ಮಲಗಿದ್ದವರನ್ನು ಮುಟ್ಟಿ ಎಬ್ಬಿಸುವ ಬದಲು ದೂರದಿಂದ ಹೆಸರು ಹಿಡಿದು ಕರೆಯಿರಿ. ನಿದ್ದೆ, ಕೋಪ, ಕುಡಿತದ ದಿನಗಳನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಗುರುತಿಸಿಡಿ. ಸೈನಿಕರು ಬಾಯಿಬಿಡದ ಎಷ್ಟೋ ವಿಷಯ ವೈದ್ಯರಿಗೆ ತಿಳಿಯುವುದು ಹೆಂಡತಿ ಮಕ್ಕಳಿಂದಲೇ. ಮಕ್ಕಳಿಗೂ ಹೇಳಿ: ಅಪ್ಪನ ಕೋಪ ನಿನ್ನ ತಪ್ಪಿನಿಂದಲ್ಲ. ಹಾಗೆಂದು ಹೊಡೆತ ಬಡಿತ ಸಹಿಸಬೇಕಿಲ್ಲ. ಕಾಯಿಲೆ ಎಂಬುದು ಅದಕ್ಕೆ ರಹದಾರಿಯಲ್ಲ.

ಬದುಕು ಸಾಕಾಯಿತು ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಕೋವಿ ಇದ್ದರೆ ಕೋವಿಯನ್ನೂ ತೋಟಾಗಳನ್ನೂ ಅವರ ಕೈಗೆ ಸಿಗದಂತೆ ಮಾಡಿ. ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬಹುದು. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಪಿಂಚಣಿಯ ತೀರ್ಮಾನಕ್ಕೆ ವರ್ಷಗಳು ಹಿಡಿಯಬಹುದು. ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ಮೊದಲು ಆಸ್ಪತ್ರೆಗೆ ಹೋಗಿ, ಅಲ್ಲಿ ಕೊಡುವ ಪ್ರತಿಯೊಂದು ಚೀಟಿಯನ್ನೂ ಜೋಪಾನ ಮಾಡಿ. ಕಾಯಿಲೆ ಗುಣವಾಗುವ ದಾರಿಯೂ ಹಕ್ಕು ಪಡೆಯುವ ದಾರಿಯೂ ಆ ಮೊದಲ ಚೀಟಿಯಿಂದಲೇ ಶುರುವಾಗುತ್ತವೆ.