ಊರನ್ನೇ ಓದಿದ ಪದವೀಧರರು: ಪುತ್ತೂರು, ಸುಳ್ಯ, ಕಡಬದ ಸಂಶೋಧನಾ ಪರಂಪರೆ

ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವಕ್ಕೆ, ಘಟ್ಟದ ಬುಡದಲ್ಲಿರುವ ಪುತ್ತೂರು ಮತ್ತು ಸುಳ್ಯ ಹಳೆಯ ತಾಲೂಕುಗಳು. ಇವೆರಡರ ಹಳ್ಳಿಗಳನ್ನು ಸೇರಿಸಿ ಈಚೆಗೆ ರೂಪುಗೊಂಡದ್ದು ಕಡಬ. ಅಡಿಕೆ, ತೆಂಗು, ಗೇರು, ರಬ್ಬರಿನ ಈ ಸೀಮೆಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಮನೆಮಾತುಗಳು. ಇಲ್ಲಿ ಹುಟ್ಟಿದ, ಇಲ್ಲಿನ ಕಾಲೇಜುಗಳಲ್ಲಿ ಓದಿದ ಅಥವಾ ಕಲಿಸಿದ ಪದವೀಧರರು ಕಳೆದ ಏಳೆಂಟು ದಶಕಗಳಲ್ಲಿ ಭಾಷಾವಿಜ್ಞಾನ, ಜಾನಪದ, ಕೃಷಿ ವಿಜ್ಞಾನ ಕ್ಷೇತ್ರಗಳಿಗೆ ಕೊಟ್ಟ ಕೊಡುಗೆ ದೊಡ್ಡದು. ಅವರಲ್ಲಿ ಹಲವರು ಆಯ್ದುಕೊಂಡ ವಿಷಯ ಮನೆಯಂಗಳದಲ್ಲೇ ಇತ್ತು. ಆಡುವ ಮಾತು, ನೇಜಿ ನೆಡುವಾಗ ಹಾಡುವ ಹಾಡು, ತೋಟದ ಮರ ಇವೇ ಅವರ ಅಧ್ಯಯನದ ವಸ್ತುಗಳಾದವು.

ಕಾಲೇಜುಗಳಿಲ್ಲದ ಕಾಲದಲ್ಲಿ ಉನ್ನತ ಶಿಕ್ಷಣ ಬೇಕೆಂದವರು ಮಂಗಳೂರಿಗೆ, ಅಲ್ಲಿಂದ ಮುಂದೆ ಮದರಾಸಿಗೆ ಹೋಗಬೇಕಿತ್ತು. ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗೆ ಹೋದವರಲ್ಲಿ ಪುತ್ತೂರು ಸೀಮೆಯ ಮರಿಯಪ್ಪ ಭಟ್ಟರು ಪ್ರಮುಖರು. ಮದರಾಸು ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಕಿಟ್ಟೆಲರ ಕನ್ನಡ–ಇಂಗ್ಲಿಷ್ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಎ. ಶಂಕರ ಕೆದಿಲಾಯರೊಡನೆ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಮಿಶನರಿಗಳ ಕೋಶದ ನಂತರ ತುಳುವಿಗೆ ದೊರೆತ ಮುಖ್ಯ ಆಕರ ಅದು.

ಪದವಿ ಇಲ್ಲದೆಯೂ ಸಂಶೋಧಕರಾದವರು ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು; ಮುಂದೆ ಪುತ್ತೂರಿನಲ್ಲಿ ನೆಲೆಸಿ ಹಲವು ದಶಕ ಅಲ್ಲೇ ಬಾಳಿದರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಸಂಪುಟಗಳನ್ನು ಬರೆದರು. ತಾಳೆಗರಿಗಳನ್ನು ಹುಡುಕಿ, ಹಳೆಯ ಭಾಗವತರನ್ನು ಕಂಡು ರಚಿಸಿದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪದವಿ ಪೂರೈಸದ ಅವರಿಗೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು. ಕಣ್ಣಾರೆ ಕಂಡು, ಕೇಳಿ, ಪರಿಶೀಲಿಸಿ ಬರೆಯಬೇಕೆಂಬ ಶಿಸ್ತು ಈ ಸೀಮೆಯಲ್ಲಿ ಕಾಲೇಜು ಬರುವ ಮೊದಲೇ ನೆಲೆಯೂರಿತ್ತು ಎಂಬುದಕ್ಕೆ ಕಾರಂತರ ಬದುಕೇ ಸಾಕ್ಷಿ.

ಪದವಿ ಶಿಕ್ಷಣ ಊರಿಗೇ ಬಂದದ್ದು 1958ರಲ್ಲಿ. ಆ ವರ್ಷ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರ ಶ್ರಮದಿಂದ ಪುತ್ತೂರಿನ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾಯಿತು. 1965ರಲ್ಲಿ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜನ್ನೂ 1986ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿದರು. ವೈದ್ಯಕೀಯ, ಆಯುರ್ವೇದ, ದಂತ ವೈದ್ಯ ಶಿಕ್ಷಣವೂ ಸೇರಿ ಪುಟ್ಟ ಪೇಟೆ ಶಿಕ್ಷಣದ ಊರಾಯಿತು. ಸುಬ್ರಹ್ಮಣ್ಯ, ರಾಮಕುಂಜದಂಥ ಊರುಗಳಲ್ಲೂ ಕಾಲೇಜುಗಳು ತೆರೆದ ಮೇಲೆ ಈಗಿನ ಕಡಬ ತಾಲೂಕಿನ ಮಕ್ಕಳಿಗೆ ದಾರಿ ಇನ್ನಷ್ಟು ಹತ್ತಿರವಾಯಿತು.

ಈ ಕಾಲೇಜುಗಳು ಬರುವ ಮೊದಲು ಹೈಸ್ಕೂಲು ಮುಗಿಸಿದ ಹುಡುಗನೊಬ್ಬ ಓದು ಮುಂದುವರಿಸಬೇಕಾದರೆ ಮಂಗಳೂರಿನಲ್ಲಿ ಬಿಡಾರ ಹೂಡುವ ಶಕ್ತಿ ಮನೆಗೆ ಇರಬೇಕಿತ್ತು. ಹುಡುಗಿಯರಿಗೆ ಆ ಅವಕಾಶ ಇನ್ನೂ ಅಪರೂಪ. ಮನೆಯಿಂದ ಹೋಗಿಬರುವ ದೂರದಲ್ಲಿ ಕಾಲೇಜು ಸಿಕ್ಕಿದ್ದರಿಂದ ಮನೆತನದಲ್ಲೇ ಮೊದಲ ಪದವೀಧರರು ಎನಿಸಿಕೊಂಡವರ ದೊಡ್ಡ ತಲೆಮಾರೊಂದು ಬೆಳೆಯಿತು. ಅವರಿಗೆ ಕಲಿಸಿದ ಅಧ್ಯಾಪಕರಲ್ಲಿ ಸ್ವತಃ ಸಂಶೋಧಕರಾದವರೂ ಇದ್ದರು. ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಕಲಿಸಿದ ಅಮೃತ ಸೋಮೇಶ್ವರರು ಪಾಡ್ದನಗಳೆಂಬ ತುಳು ಕಥನಗೀತೆಗಳನ್ನು ಸಂಗ್ರಹಿಸಿದರು, ಯಕ್ಷಗಾನವನ್ನು ಕುರಿತು ಬರೆದರು, ಪ್ರಸಂಗಗಳನ್ನೂ ರಚಿಸಿದರು. ತರಗತಿಯ ಪಾಠಕ್ಕೂ ಊರಿನ ಭೂತಕೋಲ, ಯಕ್ಷಗಾನದ ಆಟಗಳಿಗೂ ನಂಟಿದೆ ಎಂಬುದನ್ನು ವಿದ್ಯಾರ್ಥಿಗಳು ಇಂಥ ಗುರುಗಳಿಂದ ಅರಿತರು.

ಮುಂದಿನ ಮೆಟ್ಟಿಲು ಮಂಗಳೂರಿನ ಬಳಿಯ ಕೊಣಾಜೆ. ಮೈಸೂರು ವಿಶ್ವವಿದ್ಯಾಲಯವು 1968ರಲ್ಲಿ ಅಲ್ಲಿನ ಗುಡ್ಡದ ಮೇಲೆ ಮಂಗಳಗಂಗೋತ್ರಿ ಎಂಬ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಕನ್ನಡ ವಿಭಾಗವನ್ನು ಎಸ್.ವಿ. ಪರಮೇಶ್ವರ ಭಟ್ಟರು ಕಟ್ಟಿ ಬೆಳೆಸಿದರು. 1980ರಲ್ಲಿ ಈ ಕೇಂದ್ರವೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಪುತ್ತೂರು, ಸುಳ್ಯದ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಎಂ.ಎ., ಎಂ.ಎಸ್ಸಿ., ಪಿಎಚ್.ಡಿ.ಗಾಗಿ ಜಿಲ್ಲೆ ಬಿಟ್ಟು ಹೋಗುವ ಅನಿವಾರ್ಯತೆ ತಪ್ಪಿತು. ಸಂಶೋಧನೆಯ ವಸ್ತು ಇರುವ ಜಾಗಕ್ಕೂ ವಿಶ್ವವಿದ್ಯಾಲಯಕ್ಕೂ ಒಂದು ಬಸ್ ಪ್ರಯಾಣದಷ್ಟೇ ಅಂತರ ಉಳಿಯಿತು.

ಈ ದಾರಿಯಲ್ಲಿ ನಡೆದವರ ಪೈಕಿ ಬಿ.ಎ. ವಿವೇಕ ರೈ ಅವರ ಪಯಣ ಗಮನಾರ್ಹ. ಅವರು ಹುಟ್ಟಿದ್ದು ಪುತ್ತೂರಿಗೆ ಹತ್ತಿರದ ಪುಣಚದಲ್ಲಿ, 1946ರಲ್ಲಿ; ತಂದೆ ಅಗ್ರಾಳ ಪುರಂದರ ರೈ ಲೇಖಕರು. ಸಂತ ಫಿಲೋಮಿನಾ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ವಿವೇಕ ರೈ, ಮಂಗಳಗಂಗೋತ್ರಿಗೆ ಬಂದು ಕನ್ನಡ ಎಂ.ಎ. ಮಾಡಿ ಅಲ್ಲೇ ಅಧ್ಯಾಪಕರಾದರು. ಅವರ ಪಿಎಚ್.ಡಿ. ಅಧ್ಯಯನ 'ತುಳು ಜನಪದ ಸಾಹಿತ್ಯ' 1985ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪುಸ್ತಕವಾಗಿ ಬಂತು. ತುಳುವಿನ ಪಾಡ್ದನ, ಕಬಿತ (ಗದ್ದೆಯ ಹಾಡು), ಗಾದೆ, ಒಗಟು, ಅಜ್ಜಿಕತೆಗಳನ್ನು ಒಂದೇ ಚೌಕಟ್ಟಿನಲ್ಲಿಟ್ಟು ವರ್ಗೀಕರಿಸಿದ ಈ ಕೃತಿ ಮುಂದಿನ ತುಳು ಅಧ್ಯಯನಗಳಿಗೆ ತಳಹದಿಯಾಯಿತು. ಮುಂದೆ ಅವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಜರ್ಮನಿಯ ವ್ಯೂರ್ತ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕಲಿಸಿದರು.

ಕೊಣಾಜೆಯ ಸಂಶೋಧನೆ ಜಗತ್ತಿನ ಕಣ್ಣಿಗೆ ಬಿದ್ದದ್ದು ತುಳುನಾಡಿನಲ್ಲಿ ಆರಾಧನೆಗೊಳ್ಳುವ ಸಿರಿಯ ಕಥೆ ಹೇಳುವ ಸಿರಿ ಪಾಡ್ದನದ ದಾಖಲೀಕರಣದಿಂದ. ನೆರೆಯ ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ, ಸಿರಿ ಆರಾಧನೆಯ ಮುಂದಾಳು ಗೋಪಾಲ ನಾಯ್ಕರು ಇಡೀ ಸಿರಿ ಕಥೆಯನ್ನು ಬಾಯಿಪಾಠವಾಗಿ ಹಾಡಬಲ್ಲವರಾಗಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ 1990ರ ಡಿಸೆಂಬರಿನಲ್ಲಿ ಅದನ್ನು ಹಲವು ದಿನಗಳ ಕಾಲ ಧ್ವನಿಮುದ್ರಿಸಿಕೊಂಡಿತು. ಲಿಪ್ಯಂತರ, ಅನುವಾದ, ಟಿಪ್ಪಣಿಗಳ ಕೆಲಸಕ್ಕೆ ವರ್ಷಗಳೇ ಹಿಡಿದವು. 15,683 ಸಾಲುಗಳ ಆ ಮೌಖಿಕ ಮಹಾಕಾವ್ಯ 1998ರಲ್ಲಿ ಫಿನ್ಲೆಂಡಿನಿಂದ ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಪಠ್ಯ ರೂಪುಗೊಂಡ ಬಗೆಯನ್ನು ವಿವರಿಸುವ ಹೊಂಕೊ ಅವರ ಗ್ರಂಥವೂ ಜತೆಗೆ ಬಂತು. ಚಿನ್ನಪ್ಪ ಗೌಡರು ಸ್ವತಂತ್ರವಾಗಿ ನಡೆಸಿದ ಭೂತಾರಾಧನೆಯ ಅಧ್ಯಯನವೂ ಕ್ಷೇತ್ರಕಾರ್ಯದ ಮಾದರಿ ಎನಿಸಿದೆ.

ಸುಳ್ಯದ ಕಡೆ ಇಂಥದ್ದೇ ಆಸಕ್ತಿ ಗೌಡ ಸಮುದಾಯದ ಮಾತಾದ ಅರೆಭಾಷೆಯ ಸುತ್ತ ಬೆಳೆಯಿತು. ಸುಳ್ಯದ ಗಡಿಗೆ ತಾಗಿದ, ಕೊಡಗಿಗೆ ಸೇರಿದ ಪೆರಾಜೆಯ ಕೋಡಿ ಕುಶಾಲಪ್ಪ ಗೌಡರು ಭಾಷಾವಿಜ್ಞಾನಿಯಾಗಿ ತಮ್ಮ ಮನೆಮಾತಿನ ಧ್ವನಿ, ಪದ, ವಾಕ್ಯ ರಚನೆಯನ್ನು ವಿಶ್ಲೇಷಿಸಿದರು. ಆ ಅಧ್ಯಯನ 'ಗೌಡ ಕನ್ನಡ' ಎಂಬ ಹೆಸರಿನಲ್ಲಿ 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕೊಡಗು ಮತ್ತು ಕರಾವಳಿಯ ಶಾಸನಗಳ ಕನ್ನಡದ ವ್ಯಾಕರಣವನ್ನೂ ಅವರು ಬರೆದರು. ಮನೆಯೊಳಗಿನ ಮಾತೆಂದು ಬದಿಗಿಟ್ಟಿದ್ದ ಅರೆಭಾಷೆಗೆ ಶಾಸ್ತ್ರೀಯ ಅಧ್ಯಯನದ ಗೌರವ ದೊರೆಯಿತು. ರಾಜ್ಯ ಸರ್ಕಾರ ಮಡಿಕೇರಿಯಲ್ಲಿ ಅರೆಭಾಷೆ ಅಕಾಡೆಮಿ ಸ್ಥಾಪಿಸಿದ್ದು ದಶಕಗಳ ನಂತರ.

ಪುರುಷೋತ್ತಮ ಬಿಳಿಮಲೆ ಅವರದು ಇದಕ್ಕೆ ಹತ್ತಿರದ ಇನ್ನೊಂದು ದಾರಿ. ಸುಳ್ಯ ತಾಲೂಕಿನ ಪಂಜದ ಬಳಿಯ ಬಿಳಿಮಲೆಯಲ್ಲಿ 1955ರಲ್ಲಿ ಹುಟ್ಟಿ, ಕಾಡಂಚಿನ ಬಡತನದಲ್ಲಿ ಬೆಳೆದು ಕನ್ನಡ ಅಧ್ಯಾಪಕರಾದರು. ಸುಳ್ಯದ ನೆಹರು ಮೆಮೋರಿಯಲ್ ಕಾಲೇಜಿನಲ್ಲಿ ಕಲಿಸಿದರು. ಅವರು ಪಿಎಚ್.ಡಿ.ಗೆ ಆಯ್ದುಕೊಂಡದ್ದು ಸುಳ್ಯ ಪರಿಸರದ ಗೌಡ ಸಮುದಾಯದ ಸಂಸ್ಕೃತಿಯನ್ನು. 'ಹತ್ತು ಕುಟುಂಬ, ಹದಿನೆಂಟು ಗೋತ್ರ' ಎಂದು ತನ್ನನ್ನು ಗುರುತಿಸಿಕೊಳ್ಳುವ ಆ ಸಮುದಾಯದ ಮದುವೆ, ಆರಾಧನೆ, ಹಾಡುಗಳು ಅವರಿಗೆ ಹುಟ್ಟಿನಿಂದಲೇ ಪರಿಚಿತ. ಪರಿಚಿತವಾದುದನ್ನು ಹೊರಗಿನಿಂದಲೂ ನಿಂತು ನೋಡುವ ಕಷ್ಟದ ಕೆಲಸ ಅದು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಅಲ್ಲಿಂದ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್, ಬಳಿಕ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಕನ್ನಡ ಪೀಠದವರೆಗೆ ಅವರು ಸಾಗಿದರು. 'ಕಾಗೆ ಮುಟ್ಟಿದ ನೀರು' ಎಂಬ ಆತ್ಮಕಥನದಲ್ಲಿ ಈ ಪಯಣವನ್ನು ದಾಖಲಿಸಿದ್ದಾರೆ.

ಮಾತು, ಹಾಡುಗಳಿಗೆ ಕೊಣಾಜೆ ಇದ್ದಂತೆ ಬೆಳೆಗಳಿಗೆ ಈ ತಾಲೂಕುಗಳಲ್ಲೇ ಸಂಶೋಧನಾ ಆವರಣಗಳಿವೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಮುಂದೆ ಅದು ಗೇರು ಸಂಶೋಧನಾ ನಿರ್ದೇಶನಾಲಯವಾಯಿತು. ಗೇರು ಪರಾಗಸ್ಪರ್ಶದಿಂದ ಬೆರಕೆಯಾಗುವ ಮರ. ಒಳ್ಳೆಯ ಮರದ ಬೀಜ ಬಿತ್ತಿದರೂ ಹುಟ್ಟುವ ಗಿಡ ತಾಯಿಯ ಗುಣ ಉಳಿಸಿಕೊಳ್ಳುವ ಭರವಸೆ ಇಲ್ಲ. ಎಳೆಯ ಸಸಿಯ ಮೃದು ಕಾಂಡಕ್ಕೆ ಆಯ್ದ ಮರದ ಕುಡಿಯನ್ನು ಕಟ್ಟುವ ಮೃದುಕಾಂಡ ಕಸಿ ಈ ತೊಡಕನ್ನು ಬಗೆಹರಿಸಿತು. ಇಂದು ಕರಾವಳಿಯ ನರ್ಸರಿಗಳಲ್ಲಿ ಸಿಗುವ ಗೇರಿನ ಕಸಿ ಗಿಡಗಳು ಬಹುಪಾಲು ಈ ವಿಧಾನದವೇ. ಇಲ್ಲಿ ಅಭಿವೃದ್ಧಿಯಾದ 'ಭಾಸ್ಕರ', ದೊಡ್ಡ ಬೀಜದ 'ನೇತ್ರ ಜಂಬೋ-1' ತಳಿಗಳು ರೈತರ ಗುಡ್ಡಗಳಿಗೆ ತಲುಪಿವೆ. ಚಿಗುರು, ಹೂವನ್ನು ಒಣಗಿಸುವ ಟೀ ಸೊಳ್ಳೆ, ಮರವನ್ನೇ ಕೊಲ್ಲುವ ಕಾಂಡ ಕೊರೆಯುವ ಹುಳ, ಇವುಗಳ ಹತೋಟಿಯೂ ಇಲ್ಲಿನ ಅಧ್ಯಯನದ ಭಾಗ.

ಕಡಬ ತಾಲೂಕಿನ ನೆಟ್ಟಣದ ಬಳಿ ಕಿದು ಎಂಬಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. 1972ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ತಳಿ ಸಂಗ್ರಹ 1998ರಿಂದ ರೂಪುಗೊಂಡಿತು. ಭತ್ತ, ರಾಗಿಯ ಬೀಜಗಳಂತೆ ತೆಂಗಿನಕಾಯಿಯನ್ನು ಒಣಗಿಸಿ ಶೀತಲ ಕೋಣೆಯಲ್ಲಿ ವರ್ಷಗಟ್ಟಲೆ ಇಡಲಾಗದು. ತಳಿ ಉಳಿಯಬೇಕಾದರೆ ಮರವಾಗಿಯೇ ಬೆಳೆಯಬೇಕು. ಹಾಗಾಗಿ ಹಿಂದೂ ಮಹಾಸಾಗರದ ದ್ವೀಪಗಳ ತಳಿಗಳನ್ನು ಭ್ರೂಣದ ರೂಪದಲ್ಲಿ ತಂದು, ಪ್ರಯೋಗಾಲಯದಲ್ಲಿ ಮೊಳೆಸಿ ಇಲ್ಲಿನ ಮಣ್ಣಿನಲ್ಲಿ ನೆಡಲಾಯಿತು. ತೆಂಗಿನ ಸಂಶೋಧನೆಗೆ ತಾಳ್ಮೆ ಬೇಕು: ಸಸಿ ಫಲ ಬಿಡಲು ವರ್ಷಗಳು, ಇಳುವರಿ ಸ್ಥಿರವಾಗಿದೆಯೇ ಎಂದು ತಿಳಿಯಲು ಮತ್ತಷ್ಟು ವರ್ಷಗಳು. ಒಬ್ಬರು ನೆಟ್ಟ ಸಾಲಿನ ಫಲಿತಾಂಶವನ್ನು ಅವರ ನಂತರ ಬಂದವರು ಬರೆಯುತ್ತಾರೆ.

ಅಡಿಕೆಗೆ ನೆರೆಯ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಸಂಶೋಧನಾ ಕೇಂದ್ರವಿದೆ. 'ಮಂಗಳ' ತಳಿ ಬಂದದ್ದು ಅಲ್ಲಿಂದಲೇ. ಆದರೆ ಸುಳ್ಯದ ಸಂಪಾಜೆ, ಅರಂತೋಡು ಭಾಗದ ತೋಟಗಳನ್ನು ಬರಿದು ಮಾಡುತ್ತಿರುವ ಹಳದಿ ಎಲೆ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ರೋಗಕ್ಕೆ ಕಾರಣ, ಜಿಗಿಹುಳದ ಜಾತಿಯ ಕೀಟ ಅದನ್ನು ಹರಡುತ್ತದೆ ಎಂಬುದು ತಿಳಿದಿದೆ. ರೋಗಪೀಡಿತ ತೋಟದ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ ಅವುಗಳಿಂದ ನಿರೋಧಕ ತಳಿ ಬೆಳೆಸುವುದು ವಿಜ್ಞಾನಿಗಳು ಹಿಡಿದಿರುವ ಮುಖ್ಯ ದಾರಿ. ತೋಟ ಕಳೆದುಕೊಂಡ ಮನೆಗಳ ಮಕ್ಕಳಿಗೆ ಇದಕ್ಕಿಂತ ತುರ್ತಾದ ಸಂಶೋಧನಾ ವಿಷಯ ಬೇರೆ ಇರಲಾರದು.

ಇಂದು ಈ ಹಾದಿ ಹಿಡಿಯುವ ಪದವೀಧರರಿಗೆ ನಿಯಮಗಳು ಸ್ಪಷ್ಟವಾಗಿವೆ. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ನಂತರ ಪ್ರವೇಶ ಪರೀಕ್ಷೆ ಅಥವಾ ನೆಟ್, ಬಳಿಕ ಮಾರ್ಗದರ್ಶಕರ ಆಯ್ಕೆ, ಕೋರ್ಸ್‌ವರ್ಕ್, ಸಾರಲೇಖ, ಮಹಾಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಹೆಚ್ಚೆಂದರೆ ಆರು ವರ್ಷ. ಪ್ರಬಂಧಗಳು ಈಗ ಶೋಧಗಂಗಾ ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಹಿಂದಿನವರ ಕೆಲಸ ಎಲ್ಲಿಗೆ ನಿಂತಿದೆ ಎಂದು ನೋಡಿಕೊಂಡು ಮುಂದುವರಿಯುವುದು ಸುಲಭವಾಗಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ತುಳು ಎಂ.ಎ. ತರಗತಿಯೂ ಆರಂಭವಾಗಿದೆ. ಪಾಡ್ದನ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗದ್ದೆಗಳು ತೋಟವಾದಂತೆ ನಾಟಿಯ ಹಾಡುಗಳೂ ಮರೆಯಾಗುತ್ತಿವೆ. ಅವನ್ನು ದಾಖಲಿಸುವುದು, ಕುಮಾರಧಾರಾ, ಪಯಸ್ವಿನಿ ನದಿಗಳ ಜೀವವೈವಿಧ್ಯವನ್ನು ಗುರುತಿಸುವುದು, ಅಡಿಕೆಯ ರೋಗಕ್ಕೆ ಪರಿಹಾರ ಕಾಣುವುದು ಈ ಮೂರು ತಾಲೂಕುಗಳ ಮುಂದಿನ ಸಂಶೋಧಕರ ಮುಂದಿರುವ ಕೆಲಸಗಳು. ಅದಕ್ಕೆ ಬೇಕಾದ ಕಾಲೇಜು, ಪ್ರಯೋಗಾಲಯ, ಗುರುಪರಂಪರೆ ಮೂರೂ ಮನೆಗೆ ಹತ್ತಿರದಲ್ಲೇ ಇವೆ.