ಗಡಸು ನೀರು, ರಾಳದ ಆಯುಸ್ಸು

“ನಿಮ್ಮದು ಗಡಸು ನೀರು, ರಾಳ ಎರಡು ವರ್ಷವೂ ಬಾಳದು” ಎಂಬ ಮಾತನ್ನು ಬೆಂಗಳೂರಿನಲ್ಲಿ ಕೊಳವೆಬಾವಿಯನ್ನೇ ನಂಬಿದ ಬಡಾವಣೆಗಳಲ್ಲಿ ನಾನು ಹಲವು ಸಲ ಕೇಳಿದ್ದೇನೆ. ಇದನ್ನು ನಂಬಿ ಹಣ ತೆರುವವರೂ ಕಡಿಮೆಯಿಲ್ಲ. ಆದುದರಿಂದ ಇದರ ನಿಜಾಂಶವನ್ನು ಕೊಂಚ ವಿಚಾರಿಸೋಣ.

ಗಡಸುತನವೆಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಅವು ಹೆಚ್ಚಿದಲ್ಲಿ ಸಾಬೂನು ನೊರೆಗಟ್ಟದು, ಹಂಡೆಯ ಒಳಮೈಗೆ ಬಿಳಿಯ ಪೊರೆ ಹತ್ತುವುದು, ತೊಗರಿಬೇಳೆ ಬೇಯದು. (ಬೇಳೆ ಬೇಯದೆಂಬ ನಮ್ಮ ನುಡಿಗಟ್ಟು ಇಂಥ ನೀರಿನ ಊರಿನಲ್ಲೇ ಹುಟ್ಟಿತೋ ಏನೋ!) 2012ರ ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸನ್ನು ಒಪ್ಪುತ್ತದೆ, ಬೇರೆ ನೀರೇ ಇಲ್ಲದಿದ್ದಲ್ಲಿ 600ರವರೆಗೆ ಸಹಿಸುತ್ತದೆ.

ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ 1935ರಲ್ಲಿ ಅಯಾನುಗಳನ್ನು ಅದಲುಬದಲು ಮಾಡುವ ಕೃತಕ ರಾಳವನ್ನು ಲೋಕಕ್ಕೆ ತಿಳಿಸಿದರು. ಇಂದು ಬಳಕೆಯಲ್ಲಿರುವುದು ಸಾಸಿವೆಗಿಂತ ಸಣ್ಣ ಪಾಲಿಸ್ಟೈರೀನ್ ಮಣಿಗಳು. ಪ್ರತಿ ಮಣಿಯೂ ಸೋಡಿಯಂ ಹಿಡಿದು ಕುಳಿತಿರುತ್ತದೆ. ಕ್ಯಾಲ್ಸಿಯಂ ಬಂದೊಡನೆ ಅದನ್ನು ಸೆಳೆದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಎಡೆಯೆಲ್ಲ ತುಂಬಿದ ಮೇಲೆ ಗಾಢವಾದ ಉಪ್ಪುನೀರು ಹಾಯಿಸಿದರೆ ಮಣಿ ಮೊದಲಿನಂತಾಗುತ್ತದೆ. ಗಡಸಿನಿಂದ ಬರುವುದು ಈ ಬಳಲಿಕೆ ಮಾತ್ರ, ಸಾವಲ್ಲ. ನೀರು ಇಮ್ಮಡಿ ಗಡಸಾದರೆ ಉಪ್ಪಿನ ಸ್ನಾನವೂ ಇಮ್ಮಡಿ. ಪ್ರತಿ ಸ್ನಾನದಲ್ಲೂ ಮಣಿ ಹಿಗ್ಗಿ ಕುಗ್ಗುವುದರಿಂದ ಕೆಲವು ಸೀಳುವುದುಂಟು. ಆದರೆ ಅದು ನಿಧಾನದ ಸವೆತ. ಚೆನ್ನಾಗಿ ನೋಡಿಕೊಂಡ ರಾಳ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬಾಳುತ್ತದೆ.

ಅದನ್ನು ಅಕಾಲದಲ್ಲಿ ಕೊಲ್ಲುವವರು ಬೇರೆ. ಕಬ್ಬಿಣವಿರುವ ಕೊಳವೆಬಾವಿಯ ನೀರು ಮೇಲೆತ್ತಿದಾಗ ತಿಳಿಯಾಗಿದ್ದು, ಗಾಳಿ ತಾಕಿದೊಡನೆ ಕೆಂಪಾಗುತ್ತದೆ. ಆ ಕೆಂಪು ಮಣಿಗಳಿಗೆ ಮೆತ್ತಿಕೊಂಡರೆ ಬರಿಯ ಉಪ್ಪಿನಿಂದ ತೊಳೆದುಹೋಗದು. ನಲ್ಲಿನೀರಿನ ಕ್ಲೋರಿನ್ ಮಣಿಯ ಒಳಕಟ್ಟನ್ನೇ ಸಡಿಲಿಸಿ ಅದನ್ನು ಮೆತ್ತಗಾಗಿಸುತ್ತದೆ. ಕಾವೇರಿಯ ನೀರು ಅಷ್ಟೇನೂ ಗಡಸಲ್ಲ. ಆದರೂ ಅದನ್ನು ಕೊಳವೆಬಾವಿಯ ನೀರಿನೊಡನೆ ಒಂದೇ ತೊಟ್ಟಿಗೆ ಬಿಡುವ ಮನೆಗಳಲ್ಲಿ ರಾಳಕ್ಕೆ ಎರಡು ಶತ್ರುಗಳೂ ಒಟ್ಟಿಗೆ ಎದುರಾಗಬಹುದು.

ರಾಳ ಬದಲಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಉಪ್ಪಿನ ಸ್ನಾನ ಮುಗಿದೊಡನೆ ಹೊರಬರುವ ನೀರನ್ನು ಸೀಸೆಗೆ ಹಿಡಿದು, ಸಾಬೂನಿನ ದ್ರಾವಣ ಹಾಕಿ ಕುಲುಕಿ. ಆಗಲೇ ನೊರೆ ಬಾರದಿದ್ದರೆ ಮೊದಲು ಉಪ್ಪಿನ ತೊಟ್ಟಿಯನ್ನೂ ಕವಾಟವನ್ನೂ ನೋಡಿ. ಉಪ್ಪು ಗಟ್ಟಿಕಟ್ಟಿ ನೀರಿಗೆ ಇಳಿಯದಿರುವುದು ಸಾಮಾನ್ಯ ದೋಷ. ಮೊದಲು ಚೆನ್ನಾಗಿ ನೊರೆ ಬಂದು, ನೀರು ಹಿಂದಿಗಿಂತ ಬಹು ಬೇಗ ಗಡಸಾದರೆ ಮಾತ್ರ ರಾಳದ ಮೇಲೆ ಸಂಶಯಪಡಬಹುದು. ಕಬ್ಬಿಣದ ಕಾಟವಿದ್ದಲ್ಲಿ ನೀರಿಗೆ ಗಾಳಿಯಾಡಿಸಿ, ಮರಳಿನಲ್ಲಿ ಸೋಸಿ, ಆಮೇಲೆ ರಾಳದತ್ತ ಬಿಡಬೇಕು.